ಲೆಕ್ಕದ ಮನುಷ್ಯ ಮನೆ ಮುಟ್ಟಿದನೇ?

ನನ್ನ ಎಡಗೈ ಇದ್ದ ಕಡೆಯೇ ಬಡಗಣ ದಿಕ್ಕು ಎಂದು ನಾನು ಇಪ್ಪತ್ತೆರಡು ವರ್ಷ ನಂಬಿಕೊಂಡಿದ್ದೆ. ಮುಡಬಿಯ ತವರಿನಲ್ಲಿ ದಿನಾ ಬೆಳಿಗ್ಗೆ ಮಿಂದು, ಮೂಡಣಕ್ಕೆ ಮುಖ ಮಾಡಿ, ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂಡಬೇಕಿತ್ತು. ಲಿಂಗ ಹಿಡಿದ ಕೈ ಬಡಗಣ, ವಿಭೂತಿ ಹಚ್ಚುವ ಕೈ ತೆಂಕಣ ಎಂದು ಅವ್ವ ಹೇಳಿಕೊಟ್ಟಿದ್ದಳು. ಅದು ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು.

ತೊಂದರೆಯಾಗಿದ್ದು ಗಂಡನ ಊರಾದ ಹುಮನಾಬಾದಿನಲ್ಲಿ. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಅತ್ತೆ ಮತ್ತು ನಾನು, ಇಬ್ಬರೇ ಉಳಿದೆವು. ನನ್ನನ್ನು ಅಣ್ಣ ಮುಡಬಿಗೆ, ಅತ್ತೆಯನ್ನು ನಾದಿನಿ ಹುಲಸೂರಿಗೆ ಕರೆದೊಯ್ಯುವುದೆಂದು ಮಾತಾಗಿತ್ತು. ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಮಾಸ್ತರಬಾಯಿಯ ಜಾಗವೊಂದು ಖಾಲಿ ಇತ್ತು. ಅದು ನನಗೆ ಸಿಕ್ಕರೆ ಮಾತ್ರ ನಾವಿಬ್ಬರೂ ಕೂಡಿ ಇರಬಹುದಿತ್ತು. ಪರೀಕ್ಷೆ ಕಲ್ಯಾಣದಲ್ಲಿ.

ಓದು, ಬರಹ, ಉರ್ದು ಎಲ್ಲ ಬರುತ್ತಿತ್ತು. ದಿಕ್ಕಿನ ಲೆಕ್ಕ ಬಂದರೆ ಮಾತ್ರ ಕೈಕಾಲು ಆಡುತ್ತಿರಲಿಲ್ಲ. ಒಬ್ಬ ಮನುಷ್ಯ ಮನೆಯಿಂದ ಮೂಡಣಕ್ಕೆ ಮೂರು ಮೈಲು ನಡೆದ, ಬಲಕ್ಕೆ ತಿರುಗಿ ಎರಡು ಮೈಲು, ಮತ್ತೆ ಬಲಕ್ಕೆ ತಿರುಗಿ ಮೂರು ಮೈಲು. ಮನೆಯಿಂದ ಎಷ್ಟು ದೂರವಿದ್ದಾನೆ? ಬಲ ಎಂದರೆ ತೆಂಕಣ ತಾನೆ! ನಾನು ಆ ಬಡಪಾಯಿಯನ್ನು ಎರಡು ಸಲವೂ ತೆಂಕಣಕ್ಕೇ ಅಟ್ಟುತ್ತಿದ್ದೆ. ಉತ್ತರ ತಾಳೆಯಾಗದೆ ಸಿಟ್ಟಿಗೆ ಪಾಟಿ ಎತ್ತಿ ಬಿಸಾಡಿದ್ದೂ ಉಂಟು.

ಅತ್ತೆಗೆ ಅಕ್ಷರ ಬಾರದು. ಪಕ್ಕದಲ್ಲಿ ಜೋಳ ಹಸನು ಮಾಡುತ್ತಾ ಕೇಳುತ್ತಿದ್ದ ಅವರಿಗೆ ಒಂದೇ ಚಿಂತೆ: “ಅಂವ ಮನಿ ಮುಟ್ಟಿದ್ನೇನವ್ವಾ?”

ದಿನಾ ಅವನು ದಾರಿ ತಪ್ಪುವುದನ್ನು ಕೇಳಿ ಕೇಳಿ, ಒಂದು ಸಂಜೆ ಮೊರ ಕೆಳಗಿಟ್ಟು ನನ್ನನ್ನು ಮಾಳಿಗೆ ಹತ್ತಿಸಿದರು. “ಈ ಬೆಳಕಿಂಡಿನೇ ಅವನ ಮನಿ. ಹೆಜ್ಜಿಗೊಂದು ಮೈಲು. ನಡಿ.”

ಮೂಡಣಕ್ಕೆ ಮೂರು ಹೆಜ್ಜೆ ನಡೆದು, ಬಲಕ್ಕೆ ತಿರುಗಿ ಎರಡು ಹೆಜ್ಜೆ ಇಟ್ಟೆ.

“ಈಗ ಬಲಗೈ ಎತ್ತು.”

ಎತ್ತಿದೆ. ಕೈ ಮುಳುಗುವ ಸೂರ್ಯನ ಕಡೆಗಿತ್ತು.

“ಮೈ ತಿರುಗಿದ್ರ ಕೈ ಅಲ್ಲೇ ಉಳೀತಾವೇನ, ಹುಚ್ಚಿ!”

ಕತ್ತಲಾಗುವವರೆಗೆ ಇಬ್ಬರೂ ಒಬ್ಬರ ಹಿಂದೊಬ್ಬರು ತಿರುಗಿದೆವು. ಮಗ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಅಂಥ ಹೊತ್ತಿನಲ್ಲೂ ಆ ತಾಯಿ ಸೊಸೆಗಾಗಿ ಸೆರಗು ಸಿಕ್ಕಿಸಿಕೊಂಡು ಮೈಲುಗಟ್ಟಲೆ ನಡೆದರು. ನೆನೆದರೆ ಈಗಲೂ ಕೈ ಮುಗಿಯುತ್ತೇನೆ.

ಕಲ್ಯಾಣದಲ್ಲಿ ಪರೀಕ್ಷೆ ಮಾಡುವ ಸಾಹೇಬರು ಕೊನೆಗೆ ಕೇಳಿದ್ದು ಅದೇ ಜಾತಿಯ ಲೆಕ್ಕ: ಬಡಗಣಕ್ಕೆ ನಾಲ್ಕು ಮೈಲು, ಎಡಕ್ಕೆ ಮೂರು, ಮತ್ತೆ ಎಡಕ್ಕೆ ನಾಲ್ಕು. ನನ್ನ ಕುರ್ಚಿ ಪಡುವಣಕ್ಕೆ ಮುಖ ಮಾಡಿತ್ತು. ಎಡಗೈ ಬಡಗಣಕ್ಕಿರಲಿಲ್ಲ. ಕಿಟಕಿಯಿಂದ ಬೀಳುತ್ತಿದ್ದ ಬೆಳಗಿನ ಬಿಸಿಲು ನೋಡಿ ದಿಕ್ಕು ಗುರುತು ಹಿಡಿದು, ಎದ್ದು ನಡೆದೇಬಿಟ್ಟೆ.

“ಎಲ್ಲಿಗೆ ಹೊಂಟ್ರಿ ಬಾಯಿ?” ಎಂದರು ಸಾಹೇಬರು.

“ಲೆಕ್ಕ ಮಾಡಾಕತ್ತೇನ್ರಿ. ನಮ್ಮ ಅತ್ತಿ ಹೀಂಗ ಕಲಿಸ್ಯಾರ್ರಿ.”

ಅವರು ನಕ್ಕರು. ನಾನು ಹನ್ನೊಂದು ಹೆಜ್ಜೆ ಮುಗಿಸಿ, ಮನೆಯಿಂದ ಪಡುವಣಕ್ಕೆ ಮೂರು ಮೈಲು ಎಂದೆ. ಬರುವ ತಿಂಗಳಿಂದ ಕೆಲಸಕ್ಕೆ ಹಾಜರಾಗಲು ಹೇಳಿದರು.

ಸಂಜೆ ಮೋಟಾರು ಇಳಿದು ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಕೆಲಸ ಸಿಕ್ಕಿತೇ ಎಂದು ಕೇಳಲು ಅವರಿಗೆ ಬಾಯಿ ಬರಲಿಲ್ಲ.

“ಅಂವ ಮನಿ ಮುಟ್ಟಿದ್ನೇನವ್ವಾ?” ಎಂದರು.

“ಇಲ್ರಿ ಅತ್ತಿ, ಅಂವ ಮೂರು ಮೈಲು ದೂರನೇ ಉಳದಾನ್ರಿ,” ಎಂದೆ. “ನಾ ಮುಟ್ಟೀನ್ರಿ.”