ಅತ್ತೆ ಮುಟ್ಟಿ ನೋಡಿದ ಗಂಟು

ಮೊನ್ನೆ ಮುಳಬಾಗಿಲಿನ ಆಸ್ಪತ್ರೆಯಲ್ಲಿ ಫಿನಾಯಿಲ್ ವಾಸನೆ ಮೂಗಿಗೆ ಬಡಿದಾಗ, ಬೈರಕೂರಿನ ನಮ್ಮ ಪಕ್ಕದ ಮನೆ ಅತ್ತೆ ನೆನಪಾದರು. ಸಂಬಂಧದಲ್ಲಿ ಅತ್ತೆಯಲ್ಲ, ಕರೆಯುತ್ತಿದ್ದುದು ಹಾಗೆ. ರಾಯಲ್ಪಾಡಿನಿಂದ ಮದುವೆಯಾಗಿ ಬಂದವರು. ಗಂಡ ಹೋದ ಮೇಲೆ ಅವರಿಗಿದ್ದದ್ದು ಒಂದೇ ಸೀಮೆ ಹಸು. ಆಗ ಅದು ತುಂಬಿದ ಗಬ್ಬ, ಹಾಲು ಕೊಡುವುದನ್ನು ನಿಲ್ಲಿಸಿತ್ತು.

ಒಂದು ಬೆಳಿಗ್ಗೆ ಅವರ ಕೈ ಫಿನಾಯಿಲ್ ನಾರುತ್ತಿತ್ತು. ನಮ್ಮ ಕೊಟ್ಟಿಗೆಗೆ ಬಂದವರೇ ನಮ್ಮ ಹಸುವಿನ ಕತ್ತು, ಬೆನ್ನು ಸವರಿದರು.

"ಚರ್ಮದೊಳಗೆ ಗಂಟೈತೆ ಕಣಮ್ಮ. ಡಾಕ್ಟ್ರನ್ನ ಕರಿ."

"ಸೊಳ್ಳೆ ಕಚ್ಚಿರ್ಬೇಕು ಬಿಡಿ ಅತ್ತೆ" ಎಂದೆ.

ನಾನು ಕರೆಯಲಿಲ್ಲ. ಅವರೇ ಫೋನ್ ಮಾಡಿಸಿದರು. ದನದ ಡಾಕ್ಟರು ಬಂದು ಜ್ವರ ನೋಡಿ ಸೂಜಿ ಹಾಕಿದರು, ರಕ್ತ ತೆಗೆದರು, ಹತ್ತಿ ಸುತ್ತಿದ ಕಡ್ಡಿಯಿಂದ ಮೂಗಿನ ಸಿಂಬಳ ಒರೆಸಿಕೊಂಡು ಐಸ್ ಡಬ್ಬಿಯಲ್ಲಿಟ್ಟರು. ಬೆಂಗಳೂರಿನಿಂದ ರಿಪೋರ್ಟ್ ಬರುವವರೆಗೆ ಹಸುವನ್ನು ಹೊರಗೆ ಬಿಡಬೇಡಿ, ಡೈರಿಗೆ ಹಾಲು ಹಾಕಬೇಡಿ ಎಂದರು.

ಮರುದಿನ ನಲ್ಲಿಯ ಹತ್ತಿರ, ಎಲ್ಲರೆದುರಿಗೆ, ಅತ್ತೆಗೆ ಅಂದುಬಿಟ್ಟೆ: "ನಿಮ್ಮ ಹಸು ಚೆನ್ನಾಗೈತಲ್ಲ, ನಮ್ಮನೆ ಹೆಸರು ಕೆಟ್ರೆ ನಿಮಗೇನು."

ಅವರು ಬಿಂದಿಗೆ ಎತ್ತಿಕೊಂಡು ಹೊರಟುಹೋದರು...

ವಾರದ ಮೇಲೆ ಡಾಕ್ಟರು ಬಂದಾಗ ಕೈಯಲ್ಲಿ ಎರಡು ಹಾಳೆಗಳಿದ್ದವು. ಎರಡರಲ್ಲೂ ಚರ್ಮಗಂಟು ರೋಗವೆಂದೇ ಇತ್ತು. ಇನ್ನೊಂದು ಯಾರದು ಎಂದು ಕೇಳಿದೆ.

"ಪಕ್ಕದ ಮನೆ ಅಮ್ಮನ ಹಸೂದು. ನಿಮ್ಮದಕ್ಕಿಂತ ಹಿಂದಿನ ದಿನಾನೇ ತೆಗೆದಿದ್ದು. ಮುಟ್ಟಿದ ಕೈ ಫಿನಾಯಿಲಲ್ಲಿ ತೊಳ್ಕೊಂಡು ಅಕ್ಕಪಕ್ಕದವರಿಗೂ ಹೇಳಿ ಅಂದಿದ್ದೆ. ಅದಕ್ಕೇ ನಿಮ್ಮಲ್ಲಿಗೆ ಬಂದಿದ್ರು."

ಅತ್ತೆಯ ಕೊಟ್ಟಿಗೆಗೆ ಓಡಿದೆ. ಹಸು ಮಲಗಿತ್ತು. ಮೈಯೆಲ್ಲಾ ಗಂಟು, ಕಾಲು ಬಾತು ಕಂಬದಂತಾಗಿದ್ದವು. ಹಿಂದಿನ ಸಂಜೆಯೇ ಕಂದು ಹಾಕಿತ್ತಂತೆ, ಹೊಟ್ಟೆಯ ಕರು ಹೋಗಿತ್ತು. ಅತ್ತೆ ಬೇವು ಅರಿಶಿನ ಅರೆದು ಹಚ್ಚುತ್ತಿದ್ದರು.

"ಯಾಕತ್ತೆ ಹೇಳಲಿಲ್ಲ?"

ಅವರು ತಲೆಯೆತ್ತಲಿಲ್ಲ. "ಹೇಳಿದ್ರೆ ನೀನು ನನ್ನ ಹಸೂನಿಂದ್ಲೇ ಬಂತು ಅಂತ ಜಗಳಕ್ಕೆ ನಿಲ್ತಿದ್ದೆ. ಆ ಜಗಳದಾಗೆ ನಿನ್ನ ಹಸು ಸಾಯ್ತಿತ್ತು."

ಗಬ್ಬ ಹೋಗಿ ಸೊರಗಿದ್ದ ಅವರ ಹಸು ಎರಡು ದಿನ ಬಿಟ್ಟು ಸತ್ತಿತು. ಜೆಸಿಬಿ ಗುಂಡಿ ತೋಡಿತು. ಸುಣ್ಣ ಸುರಿಯುವಾಗ ಅತ್ತೆ ಅಳುತ್ತಾ ತವರಿನ ತೆಲುಗಿಗೆ ಹೊರಳಿದರು, "ನಾ ತಲ್ಲೀ... ನಾ ತಲ್ಲೀ..." ನನ್ನ ತಾಯಿ ಎಂದು. ಬೇಗ ಔಷಧಿ ಬಿದ್ದಿದ್ದರಿಂದ ನಮ್ಮದು ಉಳಿಯಿತು.

ಅತ್ತೆ ಮತ್ತೆ ಹಸು ಕಟ್ಟಲಿಲ್ಲ. ದಿನಾ ಬಂದು ನಮ್ಮ ಹಸುವಿನ ಮೈ ಸವರಿ ಹೋಗುತ್ತಿದ್ದರು. ಹೋದ ವರ್ಷ ತೀರಿಕೊಂಡರು. ತಪ್ಪಾಯಿತು ಎಂದು ಹೇಳುವುದಕ್ಕೆ ನನಗೆ ಅಷ್ಟು ದಿನಗಳಿದ್ದವು. ಹೇಳಲಿಲ್ಲ.