ಹಗಲಿನಲ್ಲಿ ಹತ್ತಿದ ಲೈಟು

ನಮ್ಮ ಕಡೆ ಒಂದು ರೂಢಿ ಇದೆ. ಹಗಲಿನಲ್ಲಿ ಯಾರದಾದರೂ ಗಾಡಿಯ ಲೈಟು ಹತ್ತಿಕೊಂಡೇ ಇದ್ದರೆ, ಎದುರಿಗೆ ಬಂದವರು ಕೈ ಎತ್ತಿ ಐದೂ ಬೆರಳು ಬಿಚ್ಚಿ ಮುಚ್ಚಿ, ಬಿಚ್ಚಿ ಮುಚ್ಚಿ ತೋರಿಸುತ್ತಾರೆ. ಲೈಟು ಹಾಂಗೇ ಬಿಟ್ಟೀರಿ, ಆರಸ್ರಿ, ಬ್ಯಾಟರಿ ಇಳದೀತು ಅಂತ ಅದರ ಅರ್ಥ. ಗುರುತಿದ್ದವರು ತೋರಿಸುತ್ತಾರೆ, ಇಲ್ಲದವರೂ ತೋರಿಸುತ್ತಾರೆ. ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಕ್ಕಳು ಕುರ್ಪಿ ಹಿಡಿದ ಕೈಯಿಂದಲೇ ತೋರಿಸುತ್ತಾರೆ. ನೋಡಿದವರು ಸುಮ್ಮನೆ ಹೋಗಬಾರದು.

ನಾನು ಒಬ್ಬರ ವಿಷಯದಲ್ಲಿ ಸುಮ್ಮನಿದ್ದೆ. ಬೇಕಂತಲೇ ಸುಮ್ಮನಿದ್ದೆ. ಇವತ್ತು ಅದೇ ಗಾಡಿ ಮತ್ತೆ ಎದುರಿಗೆ ಬಂದು ನಿಂತರೆ ಮತ್ತೆ ಸುಮ್ಮನಿರುತ್ತೇನೆ.

ನನ್ನ ತವರು ಜೇವರ್ಗಿ ಕಡೆ. ಕೊಟ್ಟಿದ್ದು ಅಫಜಲಪುರ ತಾಲೂಕಿಗೆ, ಅತನೂರಿನ ಹತ್ತಿರದ ಒಂದು ಹಳ್ಳಿಗೆ. ನಮ್ಮೂರಿನ ಪಕ್ಕ ಡಾಂಬರು ರಸ್ತೆ ಆದಾಗಿನಿಂದ ರಾಶಿ ಮಾಡುವ ರೀತಿಯೇ ಬದಲಾಯಿತು. ಕಣ ಬಳಿದು, ಎತ್ತು ಕಟ್ಟಿ ತುಳಿಸುವುದು ಯಾರಿಗೆ ಬೇಕು? ತೊಗರಿಯ ಕಟ್ಟಿಗೆಯನ್ನು ರಸ್ತೆಯ ಮೇಲೆ ಹರವಿಬಿಟ್ಟರೆ ಬಸ್ಸು ಲಾರಿ ಅದರ ಮೇಲೆ ಹಾಯ್ದು ಕಾಳು ಬಿಡಿಸಿಕೊಡುತ್ತವೆ. ಎತ್ತಿಗೂ ಆರಾಮ, ಮನುಷ್ಯರಿಗೂ ಆರಾಮ. ಆದರೆ ಗಾಳಿ ಎದ್ದ ದಿನ ಹೊಟ್ಟು, ಧೂಳು ಕೂಡಿ ಮೋಡದ ಹಾಗೆ ರಸ್ತೆಯ ಮೇಲೆ ನಿಲ್ಲುತ್ತದೆ. ನಡು ಮಧ್ಯಾಹ್ನವೇ ಇರಲಿ, ಆ ಮೋಡದೊಳಗೆ ಹೊಕ್ಕ ಗಾಡಿ ಮೈಮೇಲೆ ಬರುವ ತನಕ ಕಾಣುವುದಿಲ್ಲ.

ಅಂಥ ಒಂದು ಮಧ್ಯಾಹ್ನ ನಮ್ಮ ಯಜಮಾನರು ರಸ್ತೆಯ ಅಂಚಿಗೆ ಬಗ್ಗಿ ಕಾಳು ಗೂಡಿಸುತ್ತಿದ್ದರು. ಧೂಳಿನೊಳಗಿಂದ ಜೀಪು ಬಂತು. ಬಲಗಾಲಿನ ಮೇಲೆ ಹಾಯಿತು. ಮುಂದೆ ಎಲುಬು ಕೂಡಿತು, ಆದರೆ ಸೊಟ್ಟ ಕೂಡಿತು. ಆಮೇಲೆ ಅವರು ಹೊಲ ತುಳಿಯಲೇ ಇಲ್ಲ.

ಜೀಪು ನಮ್ಮ ಭಾವನವರದು. ಯಜಮಾನರ ದೊಡ್ಡಪ್ಪನ ಮಗ, ಊರಿಗೆ ದೊಡ್ಡ ಸಾಹುಕಾರರು, ಊರಿನ ಮೊದಲ ಜೀಪಿನ ಒಡೆಯರು. ಹಿರಿಯರು ಸೇರಿ ನಮ್ಮ ಮನೆಯ ಅಂಗಳದಲ್ಲೇ ಮಾತಿಗೆ ಕೂತರು. ನಾನು ಕಂಬದ ಮರೆಗೆ, ಸೆರಗು ಹೊದ್ದು ನಿಂತಿದ್ದೆ. ಭಾವನ ಮುಂದೆ ಸೊಸೆ ಬಾಯಿ ತೆರೆಯುವ ಕಾಲವಲ್ಲ ಅದು.

"ಹಾರ್ನ್ ಹೊಡದೀನ್ರಿ," ಅಂದರು ಭಾವನವರು.

"ಲೈಟಾದ್ರೂ ಹಚ್ಚಬೇಕಿಲ್ಲೇನೋ? ಧೂಳಿನ್ಯಾಗ ಲೈಟ ಇದ್ರ ದೂರಿಂದ ಕಾಣತದ," ಅಂದರು ಒಬ್ಬ ಹಿರಿಯರು.

ಭಾವನವರು ನಕ್ಕರು. "ಮಟಮಟ ಮಧ್ಯಾಹ್ನದಾಗ ಲೈಟ ಹಚ್ಚವ ಹುಚ್ಚ ಇರ್ತಾನ್ರಿ ಕಾಕಾ. ಕಣ್ಣ ಇದ್ದವ ರಸ್ತೆ ಬಿಟ್ಟ ಸರೀಬೇಕು."

ಕೂತವರೂ ನಕ್ಕರು. ಒಳಗೆ ಹೊರಸಿನ ಮೇಲೆ ಕಾಲು ಕಟ್ಟಿಸಿಕೊಂಡು ಮಲಗಿದವರಿಗೆ ಆ ನಗು ಕೇಳಿಸಿತು. ಅವರು ಗೋಡೆಯ ಕಡೆ ಮುಖ ತಿರುಗಿಸಿದ್ದನ್ನು ನಾನು ನೋಡಿದೆ. ದವಾಖಾನೆಯ ಖರ್ಚು ಭಾವನವರೇ ಕೊಟ್ಟರು, ಸುಳ್ಳು ಹೇಳಬಾರದು. ನನಗೆ ಬೇಕಾಗಿದ್ದು ಬೇರೆ. 'ತಪ್ಪು ನಂದು' ಅನ್ನುವ ಎರಡು ಮಾತು, ನನ್ನ ಗಂಡನ ಎದುರಿಗೆ, ಆ ಬಾಯಿಯಿಂದ.

ಅವತ್ತಿನಿಂದ ದಿನಾ ಮುಂಜಾನೆ ಇಷ್ಟಲಿಂಗ ಅಂಗೈಯಲ್ಲಿ ಹಿಡಿದು ಶಿವನು ಉಳಿಸಿಕೊಟ್ಟದ್ದನ್ನು ಎಣಿಸುತ್ತಿದ್ದೆ. ಜೀವ ಉಳಿಸಿದಿ. ಎರಡೂ ಕೈ ಉಳಿಸಿದಿ, ಪೂಜೆಗೆ ತಾವೇ ಕೂಡುತ್ತಾರೆ. ಎಮ್ಮೆಯ ಹಾಲು ಬತ್ತಿಲ್ಲ. ನನ್ನ ಸೊಂಟ ಗಟ್ಟಿ ಇದೆ, ಬಾವಿಯ ನೀರು ಹೊರುತ್ತೇನೆ. ಹೀಗೆ ಎಣಿಸಿ, ವಿಭೂತಿ ಹಚ್ಚಿಕೊಂಡು, ಕಡೆಗೆ ಒಂದು ಮಾತು ಸೇರಿಸುತ್ತಿದ್ದೆ: ಶಿವನೇ, ಆ ಹುಚ್ಚ ಅನ್ನೋ ಮಾತನ್ನ ಆಡಿದ ಬಾಯಿಗೇ ತಿರುಗಿಸು. ಕ್ಷಮೆ ಮಾಡುವ ಬುದ್ಧಿ ಕೊಡು ಅಂತ ನಾನು ಒಂದು ದಿನವೂ ಕೇಳಲಿಲ್ಲ.

ಕೆಲವು ವರ್ಷಕ್ಕೆ ನನ್ನ ತಮ್ಮ ಹಳೆಯದೊಂದು ಜೀಪು ಕೊಂಡು, ಆಳಂದ, ಅಫಜಲಪುರದ ನಡುವೆ ಬಾಡಿಗೆಗೆ ಓಡಿಸಲು ಶುರು ಮಾಡಿದ. ಪೂಜೆಗೆಂದು ಜೀಪನ್ನು ನಮ್ಮ ಮನೆಯ ಮುಂದೆ ತಂದ ದಿನವೇ ಅವನ ಕೈಯನ್ನು ಅವನ ಕೊರಳಿನ ಲಿಂಗದ ಮೇಲೆ ಇಡಿಸಿದೆ.

"ಹಗಲಿರಲಿ ರಾತ್ರಿ ಇರಲಿ, ಲೈಟ ಹಚ್ಚೇ ಓಡಸ್ತೇನಿ ಅಂತ ಆಣಿ ಮಾಡು."

"ಅಕ್ಕಾ, ಬಲ್ಬ್ ಲಗೂನ ಸುಡತಾವ್ ಬೇ. ಹಾದ್ಯಾಗ ಹೋಗವ್ರೆಲ್ಲಾ ಬೆರಳ ತೋರಸ್ತಾರ. ಯಾರ್ಯಾರಿಗಂತ ಹೇಳ್ಕೋತ ಕೂಡ್ಲಿ?"

"ಬ್ಯಾಟರಿ?"

"ಇಂಜಿನ್ ಚಾಲೂ ಇರೋತನಕ ಬ್ಯಾಟರಿಗಿ ಏನೂ ಆಗಂಗಿಲ್ಲ. ನಿಲ್ಲಿಸಿ ಆರಸೋದು ಮರತ್ರ ಸತ್ತ ಹೋಗತದ."

"ಮರೀಬ್ಯಾಡ. ಆಣಿ ಮಾಡು."

ಮಾಡಿದ. ಅವನು ಹೇಳಿದ ತೊಂದರೆಗಳು ಸುಳ್ಳಲ್ಲ. ಒಮ್ಮೆ ಆ ಲೈಟಿಗೆ ಬೆದರಿ ಎತ್ತೊಂದು ಬಂಡಿಯನ್ನು ಹೊಲಕ್ಕೆ ಎಳೆದೊಯ್ದು, ಬಂಡಿಯವನ ಬಾಯಿಂದ ನಮ್ಮ ತಾಯಿಯ ತನಕ ಬೈಗಳು ಕೇಳಬೇಕಾಯಿತು. ಭಾವನವರಂತೂ ಚಹಾದ ಅಂಗಡಿಯ ಮುಂದೆ ಕೂತು, ಜೀಪು ಬಂದಾಗೊಮ್ಮೆ ಬೆರಳು ಬಿಚ್ಚಿ ಮುಚ್ಚಿ, "ಬಂತ ನೋಡ್ರಿ, ಹುಚ್ಚರ ಗಾಡಿ!" ಅಂತ ನಗಿಸುತ್ತಿದ್ದರು. ತಮ್ಮ ಬಂದು ಹೇಳಿದಾಗೊಮ್ಮೆ ನಾನು, "ಹಚ್ಚು, ಆರಸಬ್ಯಾಡ," ಅನ್ನುತ್ತಿದ್ದೆ. ಆದರೆ ಅವನ ಜೀಪಿಗೆ ಧೂಳಿನಲ್ಲಿ ಒಂದು ಕೋಳಿಯೂ ಸಿಕ್ಕಿ ಸಾಯಲಿಲ್ಲ. ಅದನ್ನೂ ಮುಂಜಾನೆಯ ಎಣಿಕೆಯಲ್ಲಿ ಸೇರಿಸಿಕೊಂಡೆ.

ಶಿವರಾತ್ರಿಗೆ ಮುಂಚಿನ ಒಂದು ಸೋಮವಾರ. ನಿಂಬರ್ಗಾ ಕಡೆಯ ಮಠವೊಂದರಲ್ಲಿ ದಾಸೋಹ ಇತ್ತು. ರೊಟ್ಟಿ ಬಡಿಯುವ ಸೇವೆಗೆ ನಾನು ತಮ್ಮನ ಜೀಪಿನಲ್ಲಿ ಹೋಗಿದ್ದೆ. ನನ್ನ ಒಲೆ ಹಿಂದಿನ ಬಾಗಿಲಿನ ಬದಿಗೆ. ಮಧ್ಯಾಹ್ನ ಭಾವನವರ ಜೀಪು ಬಂತು. ನೆರಳು ಹುಡುಕುತ್ತಾ ಹಿತ್ತಲಿಗೆ ಬಂದು, ಬೇವಿನ ಮರದ ಕೆಳಗೆ, ನನ್ನ ಬಾಗಿಲಿಗೇ ಮುಖ ಮಾಡಿ ನಿಂತಿತು. ಭಾವನವರು ಇಳಿದರು, ಮೈಮೇಲಿನ ಹೊಟ್ಟು ಜಾಡಿಸಿಕೊಂಡರು, ಪ್ರವಚನಕ್ಕೆ ಒಳಗೆ ಹೋದರು.

ಜೀಪಿನ ಎರಡೂ ಲೈಟು ಹತ್ತಿಕೊಂಡೇ ಇದ್ದವು.

ರೂಢಿ ನೋಡಿ, ಹಿಟ್ಟು ಮೆತ್ತಿದ ಕೈ ತಾನೇ ಮೇಲೆ ಎದ್ದಿತ್ತು. ಭಾವನವರು ಇನ್ನೂ ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿದ್ದರು. ಆಗ ಹೊಳೆಯಿತು. ಈ ಮಟಮಟ ಮಧ್ಯಾಹ್ನದಲ್ಲಿ ಇವರು ಲೈಟು ಯಾಕೆ ಹಚ್ಚಿದರು? ಹಾದಿಯಲ್ಲಿ ರಾಶಿಯ ಧೂಳು. ಎದುರಿನ ಲಾರಿಯವನಿಗೆ ತಾವು ಕಾಣಲಿ ಅಂತ ಹಚ್ಚಿದ್ದಾರೆ. ತಮ್ಮ ಜೀವದ ಸಲುವಾಗಿ ಹಚ್ಚಲು ಬರುತ್ತದೆ!

ಕೈ ಇಳಿಸಿ ಹಿಟ್ಟಿಗೆ ಹಾಕಿದೆ. ಜೋರಾಗಿ ನಾದಿದೆ.

ಪ್ರವಚನ ಉದ್ದ ಇತ್ತು, ಶಿವನ ದಯ. ಒಂದೊಂದು ರೊಟ್ಟಿ ಬಡಿದು ಹಂಚಿಗೆ ಹಾಕಿದಾಗೊಮ್ಮೆ ತಲೆ ಎತ್ತಿ ನೋಡುತ್ತಿದ್ದೆ. ಬೆಳ್ಳಗಿದ್ದ ಲೈಟು ಹಳದಿಯಾಯಿತು. ಹಳದಿ ಹೋಗಿ ಕೆಂಪಾಯಿತು. ಕಡೆಗೆ ಕೆಂಡದ ಕಣ್ಣಷ್ಟು ಉಳಿಯಿತು, ಅದೂ ಆರಿತು. ಅಷ್ಟು ಚಂದದ ರೊಟ್ಟಿ ನಾನು ಅದಕ್ಕೂ ಮೊದಲು ಬಡಿದಿಲ್ಲ, ಆಮೇಲೂ ಬಡಿದಿಲ್ಲ.

ಊಟ ಮುಗಿಸಿ ಬಂದ ಭಾವನವರು ಚಾವಿ ತಿರುವಿದರು. ಟಕ್ ಅಂದಿತು, ಅಷ್ಟೇ. ಜನ ಕೂಡಿ ದಬ್ಬಿದರು. ಜೀಪು ಕೆಮ್ಮಿತು, ನಿಂತಿತು. ಅವರಿಗೋ ಅವಸರ. ಮಗಳನ್ನು ನೋಡಲು ಅವತ್ತು ಸಂಜೆಯೇ ಬೀಗರು ಬರುವವರಿದ್ದರು. ಊರಿಗೆ ಹೊರಟ ಗಾಡಿ ಒಂದೇ ಇತ್ತು.

"ತಮ್ಮಾ, ನಮ್ಮೂರಿಗಿ ಹೊಂಟೀ ಏನು?"

"ಹೊಂಟೇನ್ರಿ ಸಾವಕಾರ್ರ. ಆದ್ರ ಇದು ಹುಚ್ಚರ ಗಾಡಿ ನೋಡ್ರಿ, ನಡೀತದೇನು?"

ಭಾವನವರು ಮುಂದಿನ ಸೀಟಿನಲ್ಲಿ ಕೂತರು. ನಾನು ಹಿಂದೆ, ಖಾಲಿ ಬುಟ್ಟಿಗಳ ಜೊತೆ.

ತಮ್ಮ ಲೈಟು ಹಚ್ಚಿದ. ಮಠದ ಬಾಗಿಲು ದಾಟಿದ್ದೇ ಒಬ್ಬ ಬೆರಳು ತೋರಿಸಿದ. ಆಮೇಲೆ ಸೈಕಲ್ಲಿನವನು, ಬಸ್ಸಿನ ಡ್ರೈವರು, ಕುರಿ ಕಾಯುವವನು. ಗುರುತಿದ್ದ ಒಬ್ಬರು, "ಸಾವಕಾರ್ರ, ಹಗಲಾಗೇದ್ರಿ!" ಅಂತ ಕೂಗಿಯೇ ಬಿಟ್ಟರು. ಭಾವನವರು ರುಮಾಲನ್ನು ಹುಬ್ಬಿನ ತನಕ ಎಳೆದುಕೊಂಡರು.

"ಆರಸೋ, ಮಂದಿ ನಗಾಕತ್ತಾರ."

"ಅಕ್ಕನ ಆಣಿ ಅದ್ರಿ."

ಅತನೂರಿನ ಈಚೆ ರಸ್ತೆಯ ಮೇಲೆ ರಾಶಿ ಇತ್ತು, ಗಾಳಿಯೂ ಎದ್ದಿತ್ತು. ಧೂಳಿನೊಳಗೆ ಹೊಕ್ಕೆವು. ಕಾಳಿನ ಗುಡ್ಡೆ ತಪ್ಪಿಸಲು ಒಂದು ಲಾರಿ ನಮ್ಮ ಬದಿಗೇ ಬರುತ್ತಿತ್ತು. ಕಿರ್ರನೆ ಬ್ರೇಕು ಹಾಕಿ, ನಮ್ಮ ಮೂತಿಗೆ ಮೂತಿ ಹಚ್ಚುವಷ್ಟರಲ್ಲಿ ನಿಂತಿತು. ಡ್ರೈವರು ತಲೆ ಹೊರಗೆ ಹಾಕಿ, "ಲೈಟ ಕಂಡಿತಪಾ, ಇಲ್ಲಾಂದ್ರ ಎಲ್ಲಾರೂ ಹೋಗಿದ್ರಿ!" ಅಂದ.

ಭಾವನವರ ಎರಡೂ ಕೈ ಮುಂದಿನ ಕಂಬಿಯನ್ನು ಗಟ್ಟಿ ಹಿಡಿದಿದ್ದವು. ನನ್ನ ಸೆರಗು ತಲೆಯ ಮೇಲೆಯೇ ಇತ್ತು. ಬಾಯಿ ಮಾತ್ರ ತೆರೆದೆ. ಮದುವೆಯಾಗಿ ಬಂದಾಗಿನಿಂದ ಅವರ ಜೊತೆ ನಾನಾಡಿದ ಮೊದಲ ಮಾತು ಅದು.

"ಭಾವಾರ, ಮಠಕ್ಕ ಬರೋವಾಗ ನೀವೂ ಲೈಟ ಹಚ್ಚಿದ್ರಿ. ಯಾಕ್ರಿ?"

"ಧೂಳಿತ್ತು." ಹೇಳಿ, ಗಕ್ಕನೆ ಹಿಂದೆ ತಿರುಗಿದರು. "ಅಂದ್ರ ನೀ ನೋಡಿದಿ? ಬಾಯಿ ಬಿಟ್ಟ ಹೇಳಬೇಕಿಲ್ಲೇನವ್ವ?"

"ಹಗಲಿನ್ಯಾಗ ಲೈಟ ಹಚ್ಚವ ಹುಚ್ಚ ಅಂತ ನೀವ ಹೇಳಿದ್ರಿ. ಹಿರೇರಿಗಿ ಹುಚ್ಚ ಅಂತ ನಾ ಹ್ಯಾಂಗ ಅನ್ಲಿ?"

ತಮ್ಮ ನಗು ತಡೆಯಲಾರದೆ ಕೆಮ್ಮಿದ. ಭಾವನವರು ಮುಂದೆ ತಿರುಗಿಕೊಂಡರು.

"ಮದಲ ನಮ್ಮನಿಗಿ ಬಿಡೋ, ಬೀಗರು ಬಂದಿರ್ತಾರ," ಅಂದರು ಊರ ಬಾಗಿಲಲ್ಲಿ.

"ಮದಲ ನಮ್ಮನಿ," ಅಂದೆ ನಾನು. ತಮ್ಮ ಜೀಪನ್ನು ನಮ್ಮ ಮನೆಗೇ ತಿರುಗಿಸಿದ.

ಯಜಮಾನರು ಕಟ್ಟೆಯ ಮೇಲೆ ಸೊಟ್ಟ ಕಾಲು ಚಾಚಿಕೊಂಡು ಹಗ್ಗ ಹೊಸೆಯುತ್ತಿದ್ದರು. ಭಾವನವರು ಇಳಿದರು. ನಾನು ಹಿಂದೆಯೇ ಇಳಿದು, ಜೀಪಿಗೂ ಅವರಿಗೂ ನಡುವೆ ಬುಟ್ಟಿ ಹಿಡಿದು ನಿಂತೆ. ಅವರು ಒಮ್ಮೆ ನನ್ನನ್ನು, ಒಮ್ಮೆ ಹತ್ತಿಕೊಂಡೇ ಇದ್ದ ಲೈಟನ್ನು ನೋಡಿದರು. ಆಮೇಲೆ ಆ ಕಾಲನ್ನು ನೋಡಿದರು. ಅಪಘಾತ ಆದಾಗಿನಿಂದ ಅದನ್ನು ಅವರು ನೆಟ್ಟಗೆ ನೋಡಿದ್ದೇ ಇಲ್ಲ.

"ಅವತ್ತ ಲೈಟ ಹಚ್ಚಬೇಕಿತ್ತಪ," ಅಂದರು. "ತಪ್ಪ ನಂದು."

ನಾನು ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ್ದನ್ನು ನನ್ನ ಗಂಡ ಒಂದೇ ಮಾತಿಗೆ ಇಳಿಸಿಬಿಟ್ಟರು. "ಹೋಗ್ಲಿ ಬಿಡಣ್ಣ, ಆಗಿದ್ದು ಆಯ್ತು. ಕೂಡು. ಏ, ಅಣ್ಣಗ ಚಹಾ ಮಾಡು." ಆದರೆ ಹೊಸೆಯುತ್ತಿದ್ದ ಹಗ್ಗ ಕೈಯಿಂದ ಜಾರಿ ಬಿಚ್ಚಿಕೊಂಡಿತ್ತು. ಅದನ್ನು ನೋಡಿದೆ, ಶಿವನಿಗೆ ಮನಸ್ಸಿನಲ್ಲೇ ಶರಣು ಅಂದೆ.

ಚಹಾ ಮಾಡಿದೆ. ಎರಡು ಕಪ್ಪಿಗೆ ಬಸಿದೆ. ಭಾವನವರು ಒಂದು ಗುಟುಕು ಕುಡಿದು ಮುಖ ಹಿಂಡಿದರು, ನನ್ನ ಕಡೆ ನೋಡಿದರು. ಕಣ್ಣು ಇಳಿಸದೆ ನಿಂತೆ. ಪೂರಾ ಕುಡಿದರು.

ಅವರು ಹೋದ ಮೇಲೆ ಯಜಮಾನರು ಖಾಲಿ ಕಪ್ಪಿನ ತಳ ನೋಡಿ, "ಅಣ್ಣನ ಚಹಾಕ್ಕ ಸಕ್ಕರಿ ಮರತೇನು?" ಅಂದರು.

"ನಿಮ್ಮದಕ್ಕ ಎರಡ ಚಮಚಾ ಹಾಕೀನಲ್ರಿ," ಅಂದೆ, ಕಪ್ಪು ಎತ್ತಿಕೊಂಡು ಒಳಗೆ ಹೋದೆ.