ಅಡಿಕೆಗೆ ಬಳೆ ತೊಡಿಸಿದ ದಿನ

ನಾನು ಚಿಕ್ಕವನಿದ್ದಾಗ ಒಂದು ಶನಿವಾರ ಬೆಳಿಗ್ಗೆ ಶನಿಗ್ರಹವಾಗಿದ್ದೆ. ನಡುವೆ ಅಜ್ಜಿ ಬಂದು ಅದನ್ನು ತಪ್ಪಿಸಲು ನೋಡಿದಳು. ಇದನ್ನು ಬರೆಯುವ ಮೊದಲು ಅಕ್ಕನಿಗೆ ಫೋನ್ ಮಾಡಿ ಕೇಳಿದೆ. ಅವಳು ಹೇಳುವ ದಿನವೇ ಬೇರೆ, ನನ್ನ ದಿನವೇ ಬೇರೆ. ಜಗಳ ಬಂದ ಕಡೆ ಹೇಳುತ್ತೇನೆ, ಮೊಮ್ಮಕ್ಕಳೇ, ನೀವೇ ತೀರ್ಮಾನ ಮಾಡಿ.

ಜಗಳೂರಿನಿಂದ ಸೊಕ್ಕೆಯ ಕಡೆ ಹೋಗುವ ದಾರಿಯಲ್ಲಿ ನಮ್ಮೂರು. ಎರಡು ಕೋಣೆಯ ಶಾಲೆ, ಒಬ್ಬರೇ ಮೇಷ್ಟ್ರು. ನಮ್ಮ ದೇಶದ ಉಪಗ್ರಹ ಮೇಲಕ್ಕೆ ಹೋಗಿದೆ ಎಂದು ರೇಡಿಯೊ ಹೇಳಿದ ವರ್ಷ ಅದು. ಅಂದಿನಿಂದ ಮೇಷ್ಟ್ರಿಗೆ ಎಲ್ಲ ಪಿರಿಯಡ್ಡಿನಲ್ಲೂ ಆಕಾಶವೇ. ಲೆಕ್ಕದಲ್ಲಿ ಗ್ರಹಗಳ ಗಾತ್ರ ಭಾಗಿಸಿದೆವು. ಕನ್ನಡದಲ್ಲಿ ಚಂದ್ರನ ಮೇಲಿಂದ ಅವ್ವನಿಗೆ ಕಾಗದ ಬರೆದೆವು. ಆಟದ ಹೊತ್ತಿನಲ್ಲಿ ಒಬ್ಬನನ್ನು ನಡುವೆ ನಿಲ್ಲಿಸಿ, ನಾವೂ ಬುಗುರಿಯಂತೆ ತಿರುಗುತ್ತಾ ಅವನ ಸುತ್ತ ಓಡಿದೆವು. ತಲೆ ಗಿರ್ರೆಂದು ಎಲ್ಲ ಗ್ರಹಗಳೂ ಮಣ್ಣಿಗೆ ಬಿದ್ದವು! ಚಿತ್ರದ ಪಿರಿಯಡ್ಡಿನಲ್ಲಿ ಮೇಷ್ಟ್ರು ಬಣ್ಣದ ಸೀಮೆಸುಣ್ಣದಿಂದ ಶನಿಯನ್ನು ಬರೆದರು. ಹಳದಿ ಗುಂಡು, ಅದರ ಸುತ್ತ ಓರೆಯಾದ ಉಂಗುರ. ಅಷ್ಟು ಚಂದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಶನಿ ಯಾರು ಆಗ್ತೀರ್ರೋ?" ಎಂದು ಮೇಷ್ಟ್ರು ಕೇಳಿದಾಗ ಎಲ್ಲರೂ ತಲೆ ತಗ್ಗಿಸಿದರು. ನಾನೊಬ್ಬನೇ ಕೈ ಎತ್ತಿದೆ. ಪಕ್ಕದಲ್ಲಿದ್ದ ಗೆಳೆಯ ಪಾಟಿಚೀಲ ಎಳೆದುಕೊಂಡು ದೂರ ಸರಿದ. "ಇನ್ನು ಏಳೂವರೆ ವರ್ಷ ನಿನ್ ಹತ್ರ ಕುಂದ್ರಲ್ಲ ಕಣಲೇ!" ಶನಿ ಹಿಡಿದರೆ ಏಳೂವರೆ ವರ್ಷ ಬಿಡುವುದಿಲ್ಲ ಎಂಬುದು ನಮ್ಮೂರಲ್ಲಿ ಮಗ್ಗಿ ಬಾರದವರಿಗೂ ಗೊತ್ತಿತ್ತು.

ಶನಿವಾರ ನಮ್ಮ ನಮ್ಮ ಗ್ರಹದ ಅಳತೆಗೆ ತಕ್ಕ ವಸ್ತುವನ್ನು ಮನೆಯಿಂದ ತರಬೇಕಿತ್ತು. ತಂದೆವು. ಸೂರ್ಯನಾದವನು ಗೋಧಿ ತಂದ, ಗುರುವಾದವನು ಕಡಲೆಕಾಳು, ಮಂಗಳನಾದವಳು ತೊಗರಿ. ನನ್ನ ಜೇಬಿನಲ್ಲಿ ಕರಿ ಎಳ್ಳು. ಗ್ರಹ ಎಂದ ಕೂಡಲೇ ನಮ್ಮ ಅವ್ವಂದಿರು ನವಗ್ರಹ ಪೂಜೆಯ ಕಾಳುಗಳನ್ನೇ ಚೀಟಿ ಕಟ್ಟಿ ಕಳಿಸಿದ್ದರು!

ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಲ್ರೋ, ಸೂರ್ಯ ಗೋಧಿಕಾಳು, ಗುರು ಅವನಿಗಿಂತ ದಪ್ಪ! ಮೊನ್ನೆ ಲೆಕ್ಕ ಮಾಡಿದ್ದು ನೀವಾ, ನಿಮ್ಮನೆ ಎಮ್ಮೆಗಳಾ?"

ಕೊನೆಗೆ ಅವರ ಮನೆಯಿಂದಲೇ ದೊಡ್ಡ ಕುಂಬಳಕಾಯಿ ಬಂತು. ಅದು ಸೂರ್ಯ. ಗುರುವಿಗೆ ನಿಂಬೆಹಣ್ಣು. ಭೂಮಿಗೆ ಒಂದೇ ಒಂದು ಜೋಳದ ಕಾಳು, ಅದನ್ನು ಹಿಡಿಯುವವಳು ನನ್ನ ಅಕ್ಕ. ಶನಿಗೆ ಮಾತ್ರ ಏನೂ ಸಿಗಲಿಲ್ಲ. "ಒಂದು ಇಡೀ ಅಡಿಕೆ ಇದ್ರೆ ಸಾಕಿತ್ತು" ಎಂದು ಮೇಷ್ಟ್ರು ತಲೆ ಕೆರೆದುಕೊಂಡರು.

ಅಷ್ಟರಲ್ಲಿ ಅಡಿಕೆಯೇ ನಡೆದು ಬಂತು. ಹುಡುಗ ಎಳ್ಳು ಯಾಕೆ ಒಯ್ದ ಎಂದು ಅವ್ವನ ಬಾಯಿ ಬಿಡಿಸಿದ ಅಜ್ಜಿ, ಸೊಂಟದ ಎಲೆಅಡಿಕೆ ಚೀಲ ಕುಣಿಸುತ್ತಾ ಶಾಲೆಯ ಬಾಗಿಲಲ್ಲಿ ನಿಂತಿದ್ದಳು.

"ಏನ್ರೀ ಮೇಷ್ಟ್ರೇ, ಶನಿ ಮಾಡಾಕೆ ನನ್ನ ಮೊಮ್ಮಗನೇ ಸಿಕ್ನಾ? ಆ ಶನಿ ದೃಷ್ಟಿ ಬಿದ್ರೆ ಮನೆ ಉಳೀತೈತಾ? ಏಳಲೇ, ಮನೆಗೆ ನಡಿ!"

ನನ್ನ ಕಣ್ಣಲ್ಲಿ ನೀರು ತುಂಬಿತು. ಉಂಗುರ ಕೈಗೆ ಬರುವ ಮೊದಲೇ ಹೋಗುತ್ತಿತ್ತು.

ಮೇಷ್ಟ್ರು ಕೈ ಮುಗಿದರು. "ಅಜ್ಜಿ, ಶನಿ ಎಲ್ಲಿ ನಿಂತಾನೆ ಅಂತ ನೀವೇ ಬಂದು ನೋಡ್ರಿ. ಹತ್ರ ಐತೆ ಅನ್ಸಿದ್ರೆ ಅಲ್ಲಿಂದಲೇ ಹುಡುಗನ್ನ ಕರ್ಕೊಂಡು ಹೋಗ್ರಿ. ಹಂಗೇ ಒಂದು ಅಡಿಕೆ ಕೊಡ್ರಿ."

"ನನ್ನ ಚನ್ನಗಿರಿ ಅಡಿಕೆ, ಶನಿಗಾ?" ಎಂದು ಗೊಣಗಿದರೂ ಕೊಟ್ಟಳು. ಅಕ್ಕ ಕೈಯಿಂದ ಒಂದು ಗಾಜಿನ ಬಳೆ ಕಳಚಿದಳು. ಮೇಷ್ಟ್ರು ದಾರ ಅಡ್ಡ ಕಟ್ಟಿ ಅಡಿಕೆಯನ್ನು ಬಳೆಯ ನಡುವೆ ನಿಲ್ಲಿಸಿದರು. ಬಳೆ ಕೆಂಪಗಿತ್ತು. ಹಸಿರು ಎನ್ನುತ್ತಾಳೆ ಅಕ್ಕ.

ಗ್ರಹಗಳ ನಡುವಿನ ದೂರವನ್ನೂ ಅದೇ ಅಳತೆಗೆ ಕುಗ್ಗಿಸಿ ನಾವು ನಿಲ್ಲಬೇಕಿತ್ತು. ಕುಂಬಳಕಾಯಿ ಶಾಲೆಯ ಕಟ್ಟೆಯ ಮೇಲೆ ಕೂತಿತು. ಅಕ್ಕ ಬೇವಿನ ಮರದ ಹತ್ತಿರ ನಿಂತಳು. ನಿಂಬೆಹಣ್ಣಿನ ಹುಡುಗ ಗಾಡಿದಾರಿಯಲ್ಲಿ ನಿಂತ. ನಾನೂ ಅಜ್ಜಿಯೂ ನಡೆದೆವು. ಶೇಂಗಾ ಕಿತ್ತ ಹೊಲ, ಕಾಲಡಿಯಲ್ಲಿ ಪುಡಿಮಣ್ಣು, ಒಣಗಿದ ಬಳ್ಳಿಯ ವಾಸನೆ. ಅಜ್ಜಿ ಬೈಯುತ್ತಲೇ ಉಳಿದ ಶೇಂಗಾ ಕಾಯಿಗಳನ್ನು ಆಯ್ದು ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. "ಇನ್ನೂ ಎಷ್ಟಲೇ?" ಎಂದು ನಿಂತಾಗಲೆಲ್ಲ ಮೇಷ್ಟ್ರು ದೂರದಿಂದ "ಹೋಗ್ರಿ, ಹೋಗ್ರಿ" ಎಂದು ಕೈ ಬೀಸುತ್ತಿದ್ದರು. ಜಾಲಿಮರದ ಬದು ತಲುಪಿದ ಮೇಲೆ ಸೀಟಿ ಊದಿದರು. ಅದೇ ಶನಿಯ ಜಾಗ.

ಅಜ್ಜಿ ಹಣೆಗೆ ಕೈ ಅಡ್ಡ ಹಿಡಿದು ತಿರುಗಿ ನೋಡಿದಳು. ಕುಂಬಳಕಾಯಿ ಒಂದು ಚುಕ್ಕೆ.

"ನಮ್ಮ ಭೂಮಿ ಎಲ್ಲೈತೋ?"

"ಅಕ್ಕನ ಕೈಯಾಗೆ. ಜೋಳದ ಕಾಳು."

"ನನಗೆ ಅವಳೇ ನೆಟ್ಟಗೆ ಕಾಣ್ತಿಲ್ಲ. ನಿನಗೆ ಕಾಳು ಕಾಣ್ತೈತಾ?"

"ಇಲ್ಲಜ್ಜಿ."

ಗಾಳಿ ಜಾಲಿಕಾಯಿಗಳನ್ನು ಗಿಲಿಗಿಲಿ ಅನ್ನಿಸಿತು. ನಾನು ಬಳೆಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ. ಈಗ "ನಡಿ ಮನೆಗೆ" ಎನ್ನುತ್ತಾಳೆ ಅಂದುಕೊಂಡೆ.

"ಆ ಕಾಳಿನ ಮ್ಯಾಲೆ ಜಗಳೂರು. ಅದರ ಪಕ್ಕ ನಮ್ಮೂರು. ಅದ್ರಾಗೆ ನಮ್ಮನೆ, ಅದ್ರಾಗೆ ನಾನು" ಎಂದು ಅಜ್ಜಿ ಬೆರಳು ಮಡಚುತ್ತಾ ಹೋದಳು. ಆಮೇಲೆ ಫಕ್ಕನೆ ನಕ್ಕಳು. "ಪಾಪ, ಇಲ್ಲಿ ಕುಂತು ಅವನಿಗೆ ಏನು ಕಾಣ್ತೈತೋ! ಯಾರ ಮ್ಯಾಲೆ ಬೀಳ್ತೈತೋ ದೃಷ್ಟಿ!" ಶಾಲೆಯ ಕಡೆ ತಿರುಗಿ ಹೊಲವೆಲ್ಲ ಕೇಳುವಂತೆ ಕೂಗಿದಳು: "ಮೇಷ್ಟ್ರೇ! ನನ್ನ ಮೊಮ್ಮಗನೇ ಶನಿ! ಬ್ಯಾರೆಯವ್ರಿಗೆ ಕೊಡಬ್ಯಾಡ್ರಿ!"

ನಾನು ಬಳೆಯನ್ನು ತಲೆಯ ಮೇಲೆತ್ತಿ ಬದುವಿನ ಮೇಲೆ ಕುಣಿದೆ.

ಹಿಂತಿರುಗುವಾಗ ಅಜ್ಜಿ ದಾರ ಬಿಚ್ಚಿ, ಶನಿಯನ್ನು ಅಡಕತ್ತರಿಗೆ ಕೊಟ್ಟು ಎರಡು ಹೋಳು ಮಾಡಿ, ಎಲೆಗೆ ಸುಣ್ಣ ಸವರಿ ಬಾಯಿಗೆ ಹಾಕಿಕೊಂಡಳು. ಹಾಗೇನೂ ಆಗಲಿಲ್ಲ, ಅಡಿಕೆ ಶಾಲೆಯ ಕಿಟಕಿಯಲ್ಲಿ ಬಹಳ ದಿನ ಇತ್ತು ಎನ್ನುತ್ತಾಳೆ ಅಕ್ಕ. ಆದರೆ ಅಜ್ಜಿಯ ಕೆಂಪು ನಾಲಿಗೆ ನನಗೆ ಈಗಲೂ ಕಾಣುತ್ತದೆ.

ಈಗ ಮೊಮ್ಮಕ್ಕಳು ನೀವಿಬ್ಬರೂ ಟ್ಯಾಬ್ ಮೇಲೆ ಬೆರಳಾಡಿಸಿದರೆ ಶನಿ ಮೂಗಿನ ತುದಿಗೇ ಬರುತ್ತದೆ. ಉಂಗುರದೊಳಗಿನ ಗೆರೆಗಳೂ ಕಾಣುತ್ತವೆ. ನೋಡಿ ನನಗೂ ಖುಷಿಯೇ. ಮೊನ್ನೆ ನಾನು ಕುಂಬಳಕಾಯಿ ತಂದಿಟ್ಟು, ನಮ್ಮ ಬೀದಿಯಲ್ಲಿ ಅಳೆದರೆ ಶನಿ ಹಾಲಿನ ಬೂತ್ ದಾಟಿ, ಬಸ್ ನಿಲ್ದಾಣವನ್ನೂ ದಾಟಿ ನಿಲ್ಲಬೇಕು ಎಂದಾಗ ಟ್ಯಾಬ್ ಕೆಳಗಿಟ್ಟಿರಿ. "ಶನಿ ಯಾರು?" ಎಂದು ಕೇಳಿದೆ.

"ನಾನು! ನಾನು!" ಎಂದು ಇಬ್ಬರೂ ಒಬ್ಬರ ಜುಟ್ಟು ಒಬ್ಬರು ಹಿಡಿದುಕೊಂಡಿರಿ. ಅಜ್ಜಿ ಇದನ್ನು ನೋಡಬೇಕಿತ್ತು.